ನೂರಕ್ಕೆ ನಲವತ್ತು

ಮಧ್ಯಾಹ್ನ ಎರಡೂವರೆ. ಬಿಳಿ ಪೆಟ್ಟಿಗೆಯ
ಜಾಲರಿ ಬಾಗಿಲು ತೆಗೆದು ಬಗ್ಗಿ ನೋಡಿದೆ.
ಒಣ ಬುರುಡೆ ನಲವತ್ತೆರಡು.
ಮಲ್ಮಲ್ ಬಟ್ಟೆ ಸುತ್ತಿಕೊಂಡ ಹಸಿ ಬುರುಡೆ
ಬೆಳಗಿಗಿಂತ ನಾಲ್ಕು ಮೇಲೆ.
ಇಷ್ಟೇ ಸುಳಿವು: ಗಾಳಿ ಎಲ್ಲಿಂದಲೋ ನೀರು ಕದ್ದು ತಂದಿದೆ,
ಎಲ್ಲಿ ಬಚ್ಚಿಟ್ಟಿದೆ ಎಂದು ಬಾಯಿ ಬಿಡುತ್ತಿಲ್ಲ.

ಕಲಬುರಗಿಯ ಫರಸಿ ನೆಲ ಚಪ್ಪಲಿಯೊಳಗೂ ಸುಡುತ್ತಿತ್ತು.
ಬೇವಿನ ಗಿಡದಲ್ಲಿ ಒಂದೆಲೆ ಮಿಸುಕಲಿಲ್ಲ.

ಮೂರಕ್ಕೆ ಪರದೆಯ ಮೇಲೆ, ಆಳಂದದ ಆಚೆ, ಹಸಿರು ಚುಕ್ಕೆ.
ಹತ್ತು ನಿಮಿಷಕ್ಕೆ ಅಂಗೈಯಗಲ.
ಇನ್ನು ಹತ್ತಕ್ಕೆ ನಡುವೆ ಕೆಂಪು,
ಯಾರೋ ಕಲ್ಲಂಗಡಿ ಕೊಯ್ದಿಟ್ಟ ಹಾಗೆ.

ರಾಡಾರು ಇರುವುದು ಹೈದರಾಬಾದಿನಲ್ಲಿ.
ಇಷ್ಟು ದೂರ ಬರುವಷ್ಟರಲ್ಲಿ ಅದರ ನೋಟ
ಭೂಮಿ ಬಾಗಿದಷ್ಟೂ ಮೇಲೇರಿ
ಮೋಡದ ಎದೆಯನ್ನು ಕಾಣುತ್ತದೆ, ಕಾಲನ್ನಲ್ಲ.
ನಾವೋ, ಕಾಲಡಿಯಲ್ಲೇ ಇರುವವರು.

ಅದಕ್ಕೇ ನನ್ನ ಬಳಿ ಒಂದು ವಹಿ. ಇಲಾಖೆ ಕೊಟ್ಟದ್ದಲ್ಲ.
ಮಾದನ ಹಿಪ್ಪರಗಿ: ಪಂಕ್ಚರ್ ಅಂಗಡಿಯ ಮಶಾಕ್.
ಕಮಲಾಪುರ: ಕೆಂಬಾಳೆ ತೋಟದ ನೀಲಗಂಗಮ್ಮ.
ಕುರಿ ಮೇಯಿಸುವ ಮಾಳಿಂಗ: ಊರಿನ ಜಾಗದಲ್ಲಿ ಗೆರೆ ಎಳೆದಿದ್ದೇನೆ,
ಮೇವು ಎಲ್ಲೋ ಅವನು ಅಲ್ಲಿ.

"ಮೇಡಂ," ಅಂದ ಮಶಾಕ್, "ಧೂಳು ಗ್ವಾಡಿ ಆಗಿ ನಿಂತದ.
ಮೋಡದ ಬುಡ ಒಂದು ಕಡೆ ಜೋತು ಬಿದ್ದದ,
ತಿರಗ್ಲಿಕತ್ತದ ಅನಸ್ತದ. ನನಗ ಭ್ರಮಿ ಇರಬೇಕು."
ಇರಬಹುದು. ಇರಲಿಕ್ಕಿಲ್ಲ.
ನಮ್ಮ ಕಡೆ ಅಂಥದ್ದು ಅಪರೂಪ ಎನ್ನುತ್ತದೆ ಪುಸ್ತಕ;
ಪುಸ್ತಕ ಬರೆದವರು ಇವತ್ತು ಆ ಅಂಗಡಿಯ ಮುಂದೆ ಕೂತಿಲ್ಲ.
ಅಂಚಿನಲ್ಲಿ ಬರೆದುಕೊಂಡೆ: ಮೂರು ನಲವತ್ತೆರಡು,
ತಿರುಗಿದ್ದು, ನೋಡಿದವನು ಒಬ್ಬ.

ಹಾಳೆಗೆ ಅಂಕಿ ಬೇಕು. ನಲವತ್ತು ಎಂದು ತುಂಬಿದೆ.
ಮಾಳಿಂಗನಿಗೆ ಫೋನು ಹಚ್ಚಿದೆ.

"ನೂರಕ್ಕ ನಲವತ್ತು ಅಂದ್ರ ಏನ್ರೀ ಅಕ್ಕಾ?
ನನ್ನ ಹಿಂಡಿನಾಗ ನೂರು ಅವ. ನಲವತ್ತು ಹೋಗ್ತಾವೇನು?"

ಹಾಗಲ್ಲ ಮಾಳಿಂಗ. ಇಂಥ ಹತ್ತು ಸಂಜೆ ಬಂದರೆ
ಅದರಲ್ಲಿ ನಾಲ್ಕು ಸಂಜೆ...

"ಹತ್ತು ಎಲ್ಲಿಂದ ತರ್ಲಿ? ನನಗ ಇದೊಂದೇ ಅದ."

ಹೋದ ವಾರ ಎರಡು ಸಲ ಅವನನ್ನು ಎಬ್ಬಿಸಿದ್ದೆ.
ಎರಡು ಸಲವೂ ತೊಳೆದಿಟ್ಟ ಆಕಾಶ, ನೆತ್ತಿಯ ತನಕ ಚಿಕ್ಕೆ.
ಬೈಯಲಿಲ್ಲ. "ಇರ್ಲಿ ಬಿಡ್ರಿ, ಕುರಿಗೂ ಅಡ್ಡಾಡಿದಂಗ ಆತು" ಅಂದಿದ್ದ.
ಸುಳ್ಳಾದ ಎಚ್ಚರಿಕೆಗೂ ವಹಿಯಲ್ಲಿ ಒಂದು ಕಲಂ ಉಂಟು.
ಹೆಚ್ಚು ತುಂಬಿರುವುದು ಅದೇ.

ಎಲ್ಲಿದ್ದೀ ಈಗ?
"ಬಯಲಾಗ. ಒಂದು ದೊಡ್ಡ ಹುಣಸಿ ಗಿಡ ಅದ, ಅದರ ಬುಡಕ್ಕ..."

ಆಗ ನನ್ನ ಬಾಯಿಂದ ಇಲಾಖೆಯ ಕನ್ನಡ ಜಾರಿ ಬಿತ್ತು:
"ಬಿಡು ಆ ಗಿಡ! ದೂರ ಸರಿ. ಕುರಿ ಚದರಸು.
ತಗ್ಗು ನೋಡಿ ಕುಕ್ಕರಗಾಲಿಲೆ ಕೂಡು, ಮಲಗಬ್ಯಾಡ.
ಮಿಂಚು ಕಂಡ್ರ ಎಣಸು, ಗುಡುಗು ಕೇಳೂ ತನಕ."

ಎಣಿಸಿದ. ನಾನೂ ಕೇಳಿದೆ.
ಹದಿನೇಳು.
ಕುರಿಗಳ ಗಂಟೆ ಸದ್ದು, ಗಾಳಿ ಫೋನಿನ ಬಾಯಿಗೆ ಕೈ ಇಟ್ಟ ಹಾಗೆ.
ಒಂಬತ್ತು.
ನಾಕು.

ಆಮೇಲೆ ಲೈನು ಸತ್ತಿತು.

ನಮ್ಮ ಅಂಗಳಕ್ಕೆ ಬಂದದ್ದು ಬರೀ ಧೂಳು.
ಮಳೆಮಾಪಕದ ತಳದಲ್ಲಿ ಒಂದು ಇರುವೆ ಮುಳುಗುವಷ್ಟೂ ಇಲ್ಲ.
ಕರೆಂಟು ಹೋಯಿತು, ಬಂತು, ಹೋಯಿತು.
ಪರದೆಯ ಕೆಂಪು ಮೂಡಣಕ್ಕೆ ಸರಿದು ಹಳದಿಯಾಗಿ
ಹಸಿರಾಗಿ ಏನೂ ಆಗಿಲ್ಲವೆಂಬಂತೆ ಅಳಿಸಿಹೋಯಿತು.
ಹದಿನಾಲ್ಕು ಸಲ ಹಚ್ಚಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ,
ಹೊರಗಿದ್ದಾರೆ, ಹೊರಗಿದ್ದಾರೆ.

ಬೆಳಗ್ಗೆ ಆರೂಕಾಲಿಗೆ ಬೇರೆ ಯಾರದೋ ನಂಬರು.
"ಅಕ್ಕಾ, ಗಿಡ ಎರಡು ಹೋಳಾಗಿ ಬಿದ್ದದ್ರಿ. ಹೊಗಿ ಇನ್ನಾ ನಿಂತಿಲ್ಲ.
ಕುರಿ ಚೆಲ್ಲಾಪಿಲ್ಲಿ ಆಗ್ಯಾವ. ಎಣಸ್ಲಿಕತ್ತೀನಿ, ಇಡಬ್ಯಾಡ್ರಿ.
ಎಂಬತ್ತಾರು... ಎಂಬತ್ತೇಳು..."

ಪೆನ್ನು ಕಲಮಿನ ಮೇಲೆ ನಿಂತಿದೆ.

"...ಇದು ರಾತ್ರಿ ಈದ ಮರಿ. ಮೈ ಇನ್ನಾ ಹಸಿ ಅದ.
ಇದನ್ನ ಎಣಸಬೇಕೋ, ಬ್ಯಾಡೋ?"

ಎಣಸು, ಅಂದೆ.